ಕೊಡಗಿನ ಮಳೆ, ಕರೆಂಟಿಗೆ ಪಿಸಿ ಸರಿಯೋ ಪ್ಲೇಸ್ಟೇಷನ್ ಸರಿಯೋ?

ಮಾದಾಪುರದ ಹತ್ತಿರ ಮನೆ, ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಆಟಕ್ಕೆ ಪ್ಲೇಸ್ಟೇಷನ್ ತಗೊಳ್ಳಲೋ ಪಿಸಿ ಕಟ್ಟಿಸಲೋ ಎಂದು ಕೇಳಿದ್ದೀರಿ. ನನ್ನ ಉತ್ತರ ಪಿಸಿ. ಚಿತ್ರ ಚೆನ್ನಾಗಿ ಬರುತ್ತದೆ ಎಂಬುದಕ್ಕಲ್ಲ. ಬಿಡಿಬಿಡಿಯಾಗಿ ಕೊಳ್ಳಬಹುದು, ಬಿಡಿಬಿಡಿಯಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ. ಪ್ಲೇಸ್ಟೇಷನ್ 5ರಲ್ಲಿ ಪ್ರೊಸೆಸರ್, ಮೆಮೊರಿ, ಸ್ಟೋರೇಜ್ ಎಲ್ಲ ಒಂದೇ ಬೋರ್ಡಿಗೆ ಬೆಸುಗೆಯಾಗಿರುತ್ತವೆ. ಅದು ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಬೆಟ್ಟ ಇಳಿಸಿ ಸಾಗಿಸಬೇಕು. ಪಿಸಿಯಲ್ಲಾದರೆ ಕೆಟ್ಟ ಭಾಗವೊಂದನ್ನು ಬಿಚ್ಚಿ ಬದಲಾಯಿಸಿದರೆ ಆಯಿತು.

ದುಡ್ಡು ಒಟ್ಟಿಗೆ ಇಲ್ಲದಿದ್ದರೆ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಈಗಲೇ ಬೇಡ. ರೈಝನ್ 5 5600ಜಿ ತರಹದ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಹಾಕಿಸಿ. ವ್ಯಾಲೊರಂಟ್‌ನಂಥ ಆಟಗಳು ಅದರಲ್ಲೇ ಸರಾಗವಾಗಿ ಓಡುತ್ತವೆ. 16 ಜಿಬಿ ರ‍್ಯಾಮನ್ನು ಒಂದೇ ಪಟ್ಟಿಯಾಗಿ ಕೊಟ್ಟರೆ ಒಪ್ಪಬೇಡಿ, 8 ಜಿಬಿಯ ಎರಡು ಕೇಳಿ. ಈ ಪ್ರೊಸೆಸರಿನ ಗ್ರಾಫಿಕ್ಸ್ ರ‍್ಯಾಮನ್ನೇ ಬಳಸುವುದರಿಂದ ಒಂದೇ ಪಟ್ಟಿಯಲ್ಲಿ ಆಟ ಎದ್ದು ಕಾಣುವಷ್ಟು ನಿಧಾನವಾಗುತ್ತದೆ. ಪಿಸಿಯೊಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಮಾತ್ರ ಮೊದಲೇ ಒಳ್ಳೆಯ ಕಂಪನಿಯ 550 ವಾಟಿನದು ಇರಲಿ. ಮುಂದೆ ಆರ್‌ಟಿಎಕ್ಸ್ 4060ರಂಥ, 115 ವಾಟ್ ಎಳೆಯುವ ಕಾರ್ಡ್ ಸೇರಿಸಿದರೂ ಅದೇ ಸಾಕು.

ಈಗ ಕರೆಂಟಿನ ವಿಷಯ, ನಮ್ಮ ಕಡೆ ಎಲ್ಲರೂ ಎಡವುವುದು ಇಲ್ಲೇ. ಮನೆಯ ಇನ್ವರ್ಟರಿನ ಹಿಂದೆ ಯುಪಿಎಸ್ ಮತ್ತು ನಾರ್ಮಲ್ ಎಂಬ ಸ್ವಿಚ್ ಇರುತ್ತದೆ. ಕರೆಂಟು ಹೋದ ಮೇಲೆ ಪಿಸಿಯ ಪವರ್ ಸಪ್ಲೈ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತದೆ. ನಾರ್ಮಲ್‌ನಲ್ಲಿ ಇನ್ವರ್ಟರ್ ಎಚ್ಚರಗೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿರುತ್ತದೆ. ಹಾಗೆಂದು ಯುಪಿಎಸ್ ಕಡೆಗೆ ಒತ್ತಿದರೆ ಇನ್ನೊಂದು ತೊಡಕು: ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದ ಕೂಡಲೇ ಅದು ಬ್ಯಾಟರಿಗೆ ಹೋಗುತ್ತದೆ. ಸಂಜೆ ಹೊತ್ತು ಲೈನಿನಲ್ಲಿ ಕರೆಂಟಿದ್ದೂ ಬ್ಯಾಟರಿ ಖಾಲಿಯಾಗುವುದು ಇದರಿಂದಲೇ. ಆದ್ದರಿಂದ ಪಿಸಿಗೆಂದೇ 1000 ವಿಎ, 600 ವಾಟಿನ ಪ್ರತ್ಯೇಕ ಯುಪಿಎಸ್ (ಕರೆಂಟು ಹೋದ ಕೂಡಲೇ ತನ್ನ ಬ್ಯಾಟರಿಯಿಂದ ಕೆಲ ಹೊತ್ತು ಪಿಸಿ ನಡೆಸುವ ಪೆಟ್ಟಿಗೆ) ಇಡಿ. ಅದು ಆಟ ಮುಂದುವರಿಸುವುದಕ್ಕಲ್ಲ, ಸೇವ್ ಮಾಡಿ ಸರಿಯಾಗಿ ಆಫ್ ಮಾಡುವುದಕ್ಕೆ. ಪ್ಲೇಸ್ಟೇಷನ್ ತಂದರೂ ಈ ಖರ್ಚು ತಪ್ಪದು.

ಗುಡುಗು ಕೇಳಿದರೆ ಪ್ಲಗ್ಗನ್ನಷ್ಟೇ ಅಲ್ಲ, ರೌಟರಿನಿಂದ ಬರುವ ಲ್ಯಾನ್ ವೈರನ್ನೂ ಕಿತ್ತಿಡಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಏಕಾಏಕಿ ಏರುವ ವೋಲ್ಟೇಜ್ ತಡೆಯುವ ಸರ್ಜ್ ಬೋರ್ಡನ್ನು ನಂಬಿ ಕೂರಬಾರದು.

ಮಳೆ ಜೋರಿರುವ ಕಕ್ಕಡ ತಿಂಗಳ ಥಂಡಿಯಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಪಿಸಿ ಆನ್ ಮಾಡಿದಾಗ ಫ್ಯಾನ್ ತಿರುಗಿ, ಪರದೆ ಕಪ್ಪಗೇ ಉಳಿದರೆ ಗಾಬರಿ ಬೇಡ. ಬಹಳ ಸಲ ರ‍್ಯಾಮ್ ಕಾರಣ. ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ, ರ‍್ಯಾಮ್ ಕಿತ್ತು ನೋಡಿ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಕಾಣಿಸುತ್ತದೆ. ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಬದಿ ಟಕ್ಕೆನ್ನುವವರೆಗೆ ಒತ್ತಿ ಕೂರಿಸಿ. ಪಿಸಿಯನ್ನು ನೆಲದ ಮೇಲಿಡಬೇಡಿ. ದಿನಕ್ಕೆ ಅರ್ಧ ಗಂಟೆ ಓಡಿಸಿದರೆ ಆ ಬಿಸಿಗೇ ತೇವ ಆರುತ್ತದೆ.

ಆಟಗಳ ಖರ್ಚಿನಲ್ಲೂ ಪಿಸಿಯೇ ಹಗುರ. ಪ್ಲೇಸ್ಟೇಷನ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಬಹುತೇಕ ಆಟಗಳನ್ನು ಆನ್‌ಲೈನ್ ಆಡಲು ಪಿಎಸ್ ಪ್ಲಸ್ ಚಂದಾ ಬೇಕು, ಪಿಸಿಯಲ್ಲಿ ಅಂಥ ಚಂದಾ ಇಲ್ಲ. ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡ ಆಟ ನಿಮ್ಮ ಪಿಸಿಯಲ್ಲಿ ಓಡದಿದ್ದರೆ, 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. 100 ಜಿಬಿಯ ಆಟ 30 ಎಂಬಿಪಿಎಸ್ ಲೈನಿನಲ್ಲಿ ಇಳಿಯಲು ಏಳೂವರೆ ಗಂಟೆ ಹಿಡಿಯುತ್ತದೆ. ನಡುವೆ ಕರೆಂಟು ಹೋದರೂ ಸ್ಟೀಮ್ ನಿಂತಲ್ಲಿಂದ ಮುಂದುವರಿಸುತ್ತದೆ. ಗೆಳೆಯರ ಹತ್ತಿರ ಆ ಆಟ ಇದ್ದರೆ ಎರಡೂ ಪಿಸಿ ಒಂದೇ ರೌಟರಿಗೆ ಸಿಕ್ಕಿಸಿ, ಇಂಟರ್ನೆಟ್ ಡೇಟಾ ಸುಡದೆ ನಕಲು ಮಾಡಿಕೊಳ್ಳಬಹುದು. ಆಡಲು ನಿಮ್ಮ ಖಾತೆಯಲ್ಲೂ ಆಟ ಇರಬೇಕು, ಅಷ್ಟೇ.

ಒಂದು ಸಂದರ್ಭದಲ್ಲಿ ಮಾತ್ರ ಪ್ಲೇಸ್ಟೇಷನ್ ತಗೊಳ್ಳಿ ಎನ್ನುತ್ತೇನೆ: ಓದಿಗೆ, ತೋಟದ ಲೆಕ್ಕಕ್ಕೆ ಕಂಪ್ಯೂಟರ್ ಆಗಲೇ ಮನೆಯಲ್ಲಿದ್ದು, ಅಣ್ಣತಮ್ಮಂದಿರು ಟಿವಿ ಮುಂದೆ ಕೂತು ಫುಟ್‌ಬಾಲ್ ಆಡುವುದಷ್ಟೇ ಬೇಕಿದ್ದರೆ. ಆಗ ಡಿಸ್ಕ್ ಹಾಕುವ ಮಾದರಿಯನ್ನೇ ಆರಿಸಿ, ಆಡಿ ಮುಗಿದ ಡಿಸ್ಕನ್ನು ಮಾರಬಹುದು.