ಮೀನಿನ ಡಬ್ಬಿ ಬೇರೆ, ಸೊಪ್ಪಿನ ಚೀಲ ಬೇರೆ

ಪ್ರಶ್ನೆ: ನಾನು ಸಂತೆಗೆ ಬಟ್ಟೆ ಚೀಲವನ್ನೇ ಒಯ್ಯುತ್ತೇನೆ. ಅದರ ತುಂಬ ರೋಗಾಣು ಇರುತ್ತವೆ, ಹತ್ತಿ ಚೀಲ ಪರಿಸರಕ್ಕೂ ಒಳ್ಳೆಯದಲ್ಲ, ಪ್ಲಾಸ್ಟಿಕ್ ಕವರೇ ವಾಸಿ ಅಂತ ಮಗ ವಾದ ಮಾಡುತ್ತಾನೆ. ಯಾವುದು ಸರಿ?
– ಓದುಗರೊಬ್ಬರು, ಕುಂದಾಪುರ

ಉತ್ತರ: ನಿಮ್ಮ ಮಗ ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಗಿರಾಕಿಗಳ ಚೀಲಗಳನ್ನು ಪರೀಕ್ಷೆ ಮಾಡಿ 2011ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚುಕಮ್ಮಿ ಎಲ್ಲದರಲ್ಲೂ ಬ್ಯಾಕ್ಟೀರಿಯಾ ಸಿಕ್ಕಿತು. ಆದರೆ ಅವರಲ್ಲಿ ಬಹುತೇಕ ಯಾರೂ ಚೀಲ ತೊಳೆಯುತ್ತಲೇ ಇರಲಿಲ್ಲ. ತೊಳೆದು ನೋಡಿದಾಗ ಶೇ. 99.9ರಷ್ಟು ಹೋಯಿತು! ಈ ಎರಡನೇ ಮಾತನ್ನೂ ಮಗನಿಗೆ ಹೇಳಿ.

ಬಂಗುಡೆ ತರುವುದಕ್ಕೆ ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿ ಒಯ್ಯಿರಿ. ಹಸಿ ಮೀನು, ಕೋಳಿಯ ನೀರು ಚೀಲಕ್ಕೆ ಇಳಿಯಲೇಬಾರದು. ಅದೇ ಚೀಲದಲ್ಲಿ ಸೌತೆಕಾಯಿ ತಂದು ಹಸಿಯಾಗಿ ತಿನ್ನುತ್ತೇವೆ, ಅಲ್ವಾ? ಒಗೆಯುವಾಗ ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ, ಕೆಳಗಿನ ಎರಡು ಮೂಲೆ ನೋಡಿ. ಕೊತ್ತಂಬರಿ ಬೇರಿನ ಮಣ್ಣು, ಈರುಳ್ಳಿ ಸಿಪ್ಪೆ, ಕೊಳೆತ ಎಲೆ ಎಲ್ಲ ಹೊಲಿಗೆ ಸಂದಿಯಲ್ಲೇ ಸೇರಿಕೊಂಡಿರುತ್ತವೆ. ಬಿಸಿನೀರು, ಸೋಪು ಹಾಕಿ ಉಜ್ಜಿ, ಬಿಸಿಲಿಗೆ ಹಾಕಿ. ನಿಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ. ಹಾಗಾಗಿ ಎರಡು ಮೂರು ಚೀಲ ಇದ್ದರೆ ಅನುಕೂಲ, ಒದ್ದೆ ಚೀಲ ಮಾತ್ರ ಮಡಚಿಡಬೇಡಿ.

ಪರಿಸರದ ಮಾತಿಗೆ ಬರೋಣ. ಡೆನ್ಮಾರ್ಕ್ ಸರ್ಕಾರದ ಪರಿಸರ ಸಂಸ್ಥೆ 2018ರಲ್ಲಿ ಒಂದು ಲೆಕ್ಕ ಕೊಟ್ಟಿತು. ಹವಾಮಾನದ ಮೇಲಿನ ಪರಿಣಾಮ ಒಂದನ್ನೇ ನೋಡಿದರೂ, ಪ್ಲಾಸ್ಟಿಕ್ ಕವರಿಗೆ ಸಮ ಆಗಬೇಕಾದರೆ ಹೊಸ ಹತ್ತಿ ಚೀಲವನ್ನು 52 ಸಲವಾದರೂ ಬಳಸಬೇಕು. ಹತ್ತಿ ಬೆಳೆಯಲು ಬೇಕಾದ ನೀರು, ಗೊಬ್ಬರ ಎಲ್ಲ ಸೇರಿಸಿದರೆ ಅದು ಸಾವಿರಗಟ್ಟಲೆ ಸಲ. ಚರಂಡಿ ಕಟ್ಟುವ, ಹೊಳೆ ಹಿಡಿದು ಕಡಲಿಗೆ ಹೋಗುವ ಕವರ್ ಮಾತ್ರ ಆ ಲೆಕ್ಕದಲ್ಲಿಲ್ಲ. ನಮ್ಮ ಕರಾವಳಿಗೆ ಅದೇ ದೊಡ್ಡ ಸಂಗತಿ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಕರ್ನಾಟಕದಲ್ಲಿ 2016ರಲ್ಲೇ ನಿಷೇಧವಾಗಿದೆ, ಅದೂ ನೆನಪಿರಲಿ.

ನನ್ನ ಕೋರಿಕೆ ಇಷ್ಟೇ: ಚೀಲ ಕೊಂಡು ಗುಡ್ಡೆ ಹಾಕಬೇಡಿ. ಮದುವೆಮನೆಯ ತಾಂಬೂಲದ ಚೀಲಗಳೇ ಬೀರು ತುಂಬ ಇರುತ್ತವೆ. ಹಳೇ ಪ್ಯಾಂಟು, ಸೀರೆಯಿಂದ ಹೊಲಿಸಿದರೆ ಹೊಸ ಹತ್ತಿಯೂ ಬೇಡ. ಅಂಗಡಿಯವರು ಕೊಡುವ, ಬಟ್ಟೆಯ ಹಾಗೆ ಕಾಣುವ ತೆಳು ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ನೇಯ್ದ ಎಳೆ ಇರುವುದಿಲ್ಲ, ಸಣ್ಣ ಸಣ್ಣ ಚುಕ್ಕಿಯ ಅಚ್ಚು ಇರುತ್ತದೆ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ, ಹರಿಯುವ ತನಕ ಅದರಲ್ಲೇ ತರಕಾರಿ ತನ್ನಿ.