ಬ್ರಸೆಲ್ಸ್‌ನ ಗೋಡೆಯ ಮೇಲಿರುವ ಆ ದಪ್ಪ ಬಿಳಿ ನಾಯಿ ಯಾರು?

ಬ್ರಸೆಲ್ಸ್‌ನ ಫ್ಲಾಂದ್ರ್ ಬೀದಿಯ ಗೋಡೆಯೊಂದರ ಮೇಲೆ ದಪ್ಪ ಬಿಳಿ ನಾಯಿಯೊಂದು ಪೀಠ ಹತ್ತಿ ನಿಂತು ಉಚ್ಚೆ ಹೊಯ್ಯುತ್ತಿರುವ ಚಿತ್ರವನ್ನು ಕಂಡು, ಅದು ಯಾರು, ಅದರ ಕಥೆಗಳಲ್ಲಿ ನಗುವಂಥದ್ದೇನಿದೆ, ಶಾಲೆಯಲ್ಲಿ ಫ್ರೆಂಚ್ ಕಲಿಯುತ್ತಿರುವ ನಿಮ್ಮ ಒಂಬತ್ತು ವರ್ಷದ ಮಗಳಿಗೆ ಆ ಪುಸ್ತಕಗಳನ್ನು ಕೊಡಬಹುದೇ ಎಂದು ಕೇಳಿದ್ದೀರಿ. ನಾನು ಓದಿಗಾಗಿ ಎರಡು ವರ್ಷ ಬೆಲ್ಜಿಯಂನ ನಾಮ್ಯೂರ್ ಪಟ್ಟಣದಲ್ಲಿದ್ದಾಗ ನನ್ನ ಅರೆಬರೆ ಫ್ರೆಂಚನ್ನು ತಿದ್ದಿದ ಗುರುಗಳಲ್ಲಿ ಈ ನಾಯಿಯೂ ಒಂದಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಅದರ ಹೆಸರು ಕ್ಯೂಬಿಟ್ಯೂಸ್. ಲ್ಯೂಕ್ ಡ್ಯೂಪಾನ್‌ಲೂ ಎಂಬ ಬೆಲ್ಜಿಯಂನ ಚಿತ್ರಕಾರ ತನ್ನ ಮನೆತನದ ಹೆಸರಿನ ಮೊದಲ ಭಾಗವನ್ನೇ ಉಳಿಸಿಕೊಂಡು 'ಡ್ಯೂಪಾ' ಎಂಬ ಹೆಸರಿನಲ್ಲಿ ಬರೆದ ಕಾಮಿಕ್ಸ್ ಇದು. 1968ರಲ್ಲಿ 'ಟಿನ್‌ಟಿನ್' ವಾರಪತ್ರಿಕೆಯಲ್ಲಿ ಆರಂಭವಾಯಿತು. ಗೋಡೆಯ ಚಿತ್ರದಲ್ಲಿರುವ ತಮಾಷೆ ಅರ್ಥವಾಗಬೇಕಾದರೆ ಆ ಪೀಠ ಯಾರದು ಎಂಬುದು ಗೊತ್ತಿರಬೇಕು. ಅದು ಮಾನೆಕೆನ್ ಪಿಸ್ ಎಂಬ ಪುಟ್ಟ ಕಂಚಿನ ಹುಡುಗನದು. 1619ರಲ್ಲಿ ಜೆರೋಮ್ ಡ್ಯೂಕೆನ್ವಾ ಮಾಡಿದ, ಎರಡಡಿಗೂ ಕಡಿಮೆ ಎತ್ತರದ ಈ ಉಚ್ಚೆ ಹೊಯ್ಯುವ ಹುಡುಗ ಆ ನಗರದ ಕುಲದೇವತೆಯಿದ್ದಂತೆ. ಅವನ ಜಾಗವನ್ನು ನಾಯಿ ಆಕ್ರಮಿಸಿಕೊಂಡಿದೆ, ಜಾಗ ಕಳೆದುಕೊಂಡ ಹುಡುಗ ಕೆಳಗೆ ನಿಂತು ನೋಡುತ್ತಿದ್ದಾನೆ. ಕಂಬ ಕಂಡರೆ ಕಾಲೆತ್ತುವುದು ನಾಯಿಯ ಜನ್ಮಸಿದ್ಧ ಹಕ್ಕು, ನಡುವೆ ಬಂದವನು ಹುಡುಗನೇ ಎಂಬ ವಾದ ಆ ಪ್ರಾಣಿಯ ನಿಲುವಿನಲ್ಲೇ ಇದೆ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಮೊದಲ ಪುಸ್ತಕ ಓದುವಾಗ ಇದು ಯಾವುದೋ ರೋಮನ್ ಸೇನಾಪತಿಯ ಹೆಸರಿರಬೇಕು ಎಂದು ಭಾವಿಸಿದ್ದೆ. ನಾನು ಬಾಡಿಗೆಗಿದ್ದ ಮನೆಯ ಮಾಲೀಕರಾದ ಹಿರಿಯರನ್ನು ಕೇಳಿದಾಗ ಅವರು ಬಾಯಿ ತೆರೆಯಲೇ ಇಲ್ಲ. ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸಿ, ಮೊಣಕೈಯ ತುದಿಯಿಂದ ಕಿರುಬೆರಳಿನ ಕಡೆಯ ಮಣಿಕಟ್ಟಿನವರೆಗೆ ಒಂದು ಗೆರೆ ಎಳೆದು ತೋರಿಸಿದರು. ಮುಂಗೈಯಲ್ಲಿರುವ ಎರಡು ಮೂಳೆಗಳಲ್ಲಿ ಒಂದಕ್ಕೆ ಫ್ರೆಂಚ್ ಶಾಲಾಪುಸ್ತಕಗಳಲ್ಲಿ ಹಿಂದೆ ಇದ್ದ ಹೆಸರು ಕ್ಯೂಬಿಟ್ಯೂಸ್. ನಾಯಿಗೆ ಮೂಳೆಯ ಹೆಸರನ್ನೇ ಇಟ್ಟು, ಅದನ್ನು ಲ್ಯಾಟಿನ್ನಿನ ಗಾಂಭೀರ್ಯದಲ್ಲಿ ಮುಚ್ಚಿಟ್ಟಿದ್ದಾನೆ ಈ ಡ್ಯೂಪಾ. ನಾಯಿಯ ಯಜಮಾನ ನಿವೃತ್ತ ನಾವಿಕ. ಅವನಿಗೆ ಸೆಮಾಫೋರ್, ಅಂದರೆ ಹಡಗುಗಳಿಗೆ ಸಂಕೇತ ತೋರಿಸುವ ಕಂಬದ ಹೆಸರು. ಪಕ್ಕದ ಮನೆಯ ಬೆಕ್ಕಿಗೆ ಸೆನೆಶಾಲ್, ಅಂದರೆ ಹಳೆಯ ಅರಮನೆಗಳ ಮೇಲ್ವಿಚಾರಕನ ಪದವಿ.

ಕಥೆಯ ಸರಂಜಾಮು ಹೆಚ್ಚುಕಡಿಮೆ ಇಷ್ಟೇ. ಊರ ಹೊರಗಿನ ಒಂದು ಮನೆ, ಒಂದು ತೋಟ, ಒಬ್ಬ ಮೀಸೆಯ ಮುದುಕ, ಎರಡು ಕಾಲಿನ ಮೇಲೆ ನಡೆಯುವ ತಿಂಡಿಪೋತ ನಾಯಿ ಮತ್ತು ಆ ನಾಯಿಯ ಕೈಯಲ್ಲಿ ಸದಾ ಕಷ್ಟಪಡುವ ಬೆಕ್ಕು. ಬಹುಪಾಲು ಹಾಸ್ಯ ಒಂದೇ ಪುಟದಲ್ಲಿ ಆರಂಭವಾಗಿ ಅದೇ ಪುಟದ ಕೊನೆಯ ಚೌಕಟ್ಟಿನಲ್ಲಿ ಮುಗಿಯುತ್ತದೆ. ನಡುನಡುವೆ ದೀರ್ಘ ಕಥೆಗಳೂ ಇವೆ, ಆದರೆ ನನ್ನ ಮಟ್ಟಿಗೆ ಡ್ಯೂಪಾನ ಉಸಿರು ಒಂದು ಪುಟದ್ದು.

ಇಷ್ಟರಲ್ಲಿ ನಗು ಎಲ್ಲಿಂದ ಬರುತ್ತದೆ? ನಾಯಿ ಮಾತನಾಡುತ್ತದೆ ಎಂಬುದರಿಂದಲ್ಲ, ನಾಯಿ ಮಾತನಾಡುವುದು ಯಾರಿಗೂ ಆಶ್ಚರ್ಯವಲ್ಲ ಎಂಬುದರಿಂದ ಎಂದು ನನಗನ್ನಿಸುತ್ತದೆ. ಅದೇ ಸೀಮೆಯ ಬೇರೆ ನಾಯಿಗಳೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಕಾಮಿಕ್ಸ್ ನಾಯಕ ಟಿನ್‌ಟಿನ್‌ನ ನಾಯಿ, ಇಂಗ್ಲಿಷಿನಲ್ಲಿ ನಾವು ಸ್ನೋಯಿ ಎಂದು ಕರೆಯುವ ಮಿಲೂ, ಆರಂಭದ ಪುಸ್ತಕಗಳಲ್ಲಿ ಸಾಕಷ್ಟು ಹರಟುತ್ತಿತ್ತು, ಟಿನ್‌ಟಿನ್‌ನ ಗೆಳೆಯನಾಗಿ ನಾವಿಕ ಕ್ಯಾಪ್ಟನ್ ಹ್ಯಾಡಕ್ ಬಂದ ಮೇಲೆ ಆ ಕೆಲಸ ಅವನ ಪಾಲಾಗಿ ನಾಯಿ ಬಹುಮಟ್ಟಿಗೆ ಮೌನವಾಯಿತು. 1959ರಲ್ಲಿ ರೊಬಾ ಆರಂಭಿಸಿದ 'ಬೂಲ್ ಎ ಬಿಲ್' ಸರಣಿಯ ಕಾಕರ್ ನಾಯಿಯ ಮನದ ಮಾತು ಓದುಗರಿಗೆ ಕೇಳುತ್ತದೆಯೇ ಹೊರತು ಮನೆಯವರಿಗೆ ಕೇಳುವುದಿಲ್ಲ. ಲಕ್ಕಿ ಲ್ಯೂಕ್ ಎಂಬ ಕೌಬಾಯ್‌ನ ಕಥೆಗಳಲ್ಲಿ ಬರುವ ನಾಯಿ ರಾಂಟಾನ್‌ಪ್ಲಾನ್ ಪೆದ್ದು ಪೆದ್ದಾಗಿ ಯೋಚಿಸುವುದಷ್ಟೇ. ಇವರೆಲ್ಲರ ನಡುವೆ ಕ್ಯೂಬಿಟ್ಯೂಸ್ ಮಾತ್ರ ಯಜಮಾನನ ಎದುರು ನಿಂತು, ಪೂರ್ಣ ವಾಕ್ಯಗಳಲ್ಲಿ, ಆಯ್ದ ಪದಗಳಲ್ಲಿ ವಾದ ಮಾಡುತ್ತಾನೆ, ಮತ್ತು ಸೆಮಾಫೋರ್ ಅವನಿಗೆ ಉತ್ತರ ಕೊಡುತ್ತಾನೆ. ಯಾರು ಯಾರನ್ನು ಸಾಕಿದ್ದಾರೆ ಎಂಬುದು ಹತ್ತು ಪುಟ ಓದುವಷ್ಟರಲ್ಲಿ ಮರೆತುಹೋಗಿ, ಒಂದೇ ಸೂರಿನಡಿ ಬಹಳ ಕಾಲ ಬಾಳಿದ ಇಬ್ಬರು ಮುದಿ ಬ್ರಹ್ಮಚಾರಿಗಳ ಸಂಸಾರವನ್ನು ಕಿಟಕಿಯಿಂದ ನೋಡುತ್ತಿರುವಂತೆ ಭಾಸವಾಗುತ್ತದೆ. ನಾನು ಇಲ್ಲಿ 'ಅದು' ಬಿಟ್ಟು 'ಅವನು' ಎಂದು ಬರೆಯತೊಡಗಿದ್ದನ್ನು ನೀವು ಗಮನಿಸಿರಬಹುದು. ಎಲ್ಲ ಓದುಗರಿಗೂ ಹೀಗೇ ಆಗುತ್ತದೆ.

ನಮಗೆ ಮಾತನಾಡುವ ಪ್ರಾಣಿಗಳು ಹೊಸದೇನಲ್ಲ. ದುರ್ಗಸಿಂಹನ ಪಂಚತಂತ್ರದ ನರಿಗಳು ಮಾತನಾಡಿದರೆ ರಾಜನೀತಿ ಹೊರಬರುತ್ತದೆ, ಪುಣ್ಯಕೋಟಿ ಮಾತನಾಡಿದರೆ ಹುಲಿಯ ಎದೆಯೇ ಒಡೆಯುತ್ತದೆ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೂ ನಡೆದ ನಾಯಿಯಂತೂ ಯಮಧರ್ಮನ ರೂಪ ತಾಳುವವರೆಗೆ ಒಂದು ಮಾತನ್ನೂ ಆಡಲಿಲ್ಲ. ಹೀಗೆ ಬೆಳೆದ ನನಗೆ, ಇಷ್ಟು ಚೆನ್ನಾಗಿ ಮಾತು ಬಲ್ಲ ಪ್ರಾಣಿ ತನ್ನ ವಾಕ್ಚಾತುರ್ಯವನ್ನೆಲ್ಲ ಊಟಕ್ಕೂ ನಿದ್ದೆಗೂ ಖರ್ಚು ಮಾಡುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ಸ್ವಲ್ಪ ಸಮಯವೇ ಬೇಕಾಯಿತು. ಕಥೆಯ ನೀತಿ ಎಲ್ಲಿ ಎಂದು ಹುಡುಕುವುದನ್ನು ನಿಲ್ಲಿಸಿದ ದಿನ ನಗು ಬಂತು.

ಮಾತಿನ ಈ ಚಪಲ ಡ್ಯೂಪಾನಿಗೆ ಬಂದದ್ದು ಗ್ರೆಗ್‌ನ ಸಹವಾಸದಿಂದ ಎನ್ನಬಹುದು. ಆಗ 'ಟಿನ್‌ಟಿನ್' ಪತ್ರಿಕೆಯ ಸಂಪಾದಕನಾಗಿದ್ದ ಗ್ರೆಗ್, ಮಾತಿನ ಗುಳ್ಳೆಗಳು ಚಿತ್ರವನ್ನೇ ನುಂಗಿಹಾಕುವಷ್ಟು ಮಾತನಾಡುವ ಅಶೀಲ್ ತಲೋಂ ಎಂಬ ಮಹಾಶಯನನ್ನು ಸೃಷ್ಟಿಸಿದವನು. ಡ್ಯೂಪಾ ಅವನ ಬಳಿ ಸಹಾಯಕನಾಗಿ ಕೆಲಸ ಮಾಡಿದ್ದ. ಆದರೆ ಶಿಷ್ಯ ಗುರುವಿಗಿಂತ ಮಿತಭಾಷಿ. ಉಣ್ಣೆಯ ಉಂಡೆಯಂತಿರುವ ನಾಯಿಯ ಮೈ, ಅದರ ನಡುವೆ ಒಂದು ದೊಡ್ಡ ಕಪ್ಪು ಮೂಗು, ಇಷ್ಟರಲ್ಲೇ ಸೋಮಾರಿತನವನ್ನೂ ಸಿಟ್ಟನ್ನೂ ಕುತಂತ್ರವನ್ನೂ ಬರೆಯಬಲ್ಲ ಕೈ ಅದು.

ದೋಷವಿಲ್ಲವೆಂದಲ್ಲ. ಆಲ್ಬಮ್‌ಗಳನ್ನು, ಅಂದರೆ ಈ ಪುಟಗಳನ್ನು ಸೇರಿಸಿ ಮಾಡಿದ ಪುಸ್ತಕಗಳನ್ನು, ಒಂದರ ಮೇಲೊಂದು ಓದಿದರೆ ಬೆಕ್ಕಿನ ಗೋಳು ಬೇಸರ ತರಿಸುತ್ತದೆ, ಸೆನೆಶಾಲ್‌ನ ಪರ ವಹಿಸಿ ದೂರು ಕೊಡೋಣ ಎನ್ನಿಸುತ್ತದೆ. ವಾರಕ್ಕೊಂದು ಪುಟ ಬರುತ್ತಿದ್ದ ಕಾಲಕ್ಕೆ ಬರೆದದ್ದನ್ನು ಒಂದೇ ಸಂಜೆಯಲ್ಲಿ ಮುಗಿಸುವುದು ಓದುಗನ ತಪ್ಪೂ ಹೌದು. 2000ದಲ್ಲಿ ಡ್ಯೂಪಾ ತೀರಿಕೊಂಡ ಮೇಲೆ ಮಿಶೆಲ್ ರೊಡ್ರಿಗ್ ಚಿತ್ರ ಬರೆದ ಹೊಸ ಸರಣಿ ಬಂದಿದೆ. ಗೆರೆ ಚೆನ್ನಾಗಿದೆ, ಆದರೆ ನನಗೆ ಹಳೆಯದೇ ಇಷ್ಟ. 1988ರಲ್ಲಿ ಜಪಾನಿನಲ್ಲಿ ತಯಾರಾದ ಅನಿಮೇಷನ್ ಸರಣಿ ಇಂಗ್ಲಿಷಿನಲ್ಲಿ 'ವಾವ್ಸರ್' ಎಂಬ ಹೆಸರಿನಿಂದ ಬಂತು, ಅದರಲ್ಲಿ ಓಡಾಟ ಹೆಚ್ಚು.

ನಿಮ್ಮ ಮಗಳಿಗೆ ಧಾರಾಳವಾಗಿ ಕೊಡಿ. ಫ್ರೆಂಚ್ ಸ್ವಲ್ಪ ಕಠಿಣವೆನಿಸಿದರೂ ಪುಟ ಚಿಕ್ಕದು, ಚಿತ್ರ ಅರ್ಧ ಕಥೆ ಹೇಳುತ್ತದೆ, ಗೊತ್ತಾಗದ ಪದಶ್ಲೇಷೆಯನ್ನು ಬಿಟ್ಟು ಮುಂದಿನ ಪುಟಕ್ಕೆ ಹೋದರೆ ಏನೂ ನಷ್ಟವಿಲ್ಲ. ಶಾಲೆಯಲ್ಲಿ ಡಚ್ ಕೂಡ ಕಲಿಸುತ್ತಿದ್ದರೆ, ಆ ಭಾಷೆಯಲ್ಲಿ ಇದೇ ನಾಯಿಗೆ ಡೊಮ್ಮೆಲ್ ಎಂಬ ಹೆಸರಿದೆ. ಮೊದಲು ಗ್ರಂಥಾಲಯದಿಂದ ಎರವಲು ತಂದು ನೋಡಿ, ಒಂದು ಪುಟದ ಹಾಸ್ಯಗಳಿರುವ ಹಳೆಯ ಆಲ್ಬಮ್‌ಗಳನ್ನೇ ಆರಿಸಿ.

ಮತ್ತೆ ಆ ಗೋಡೆಯ ಬಳಿ ಹೋದಾಗ ಅಲ್ಲಿಂದ ಕೆಲವೇ ನಿಮಿಷ ನಡೆದು ಶಾರ್ತ್ರೂ ಬೀದಿಯ ಮೂಲೆಗೂ ಹೋಗಿ. ಅಲ್ಲಿ ಟಾಮ್ ಫ್ರಾಂಟ್ಸೆನ್ 1998ರಲ್ಲಿ ಮಾಡಿದ ಕಂಚಿನ ನಾಯಿಯೊಂದು ಪಾದಚಾರಿ ರಸ್ತೆಯ ಕಂಬಕ್ಕೆ ಕಾಲೆತ್ತಿ ನಿಂತಿದೆ. ಅದರ ಹೆಸರು ಜಿನ್ನೆಕೆ, ಬ್ರಸೆಲ್ಸ್‌ನ ಆಡುಮಾತಿನಲ್ಲಿ ಬೆರಕೆ ನಾಯಿ ಎಂದರ್ಥ. ಅದಕ್ಕೆ ನೀರಿನ ಕೊಳವೆ ಜೋಡಿಸಿಲ್ಲವಾದ್ದರಿಂದ ಮಗಳನ್ನು ಪಕ್ಕದಲ್ಲೇ ನಿಲ್ಲಿಸಿ ಫೋಟೊ ತೆಗೆಯಬಹುದು.