ಮೊದಲ ಸಲ ಟರ್ಕಿ ಕೋಳಿ ರೋಸ್ಟ್ ಮಾಡುವುದು ಹೇಗೆ? ಉಳಿದದ್ದನ್ನು ಎಷ್ಟು ದಿನ ಇಡಬಹುದು?

ಅಮೆರಿಕಕ್ಕೆ ಬಂದ ಮೇಲೆ ಇದು ಮೊದಲ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಗುರುವಾರ ಮನೆಗೆ ಎಂಟು ಜನ ಬರುತ್ತಾರೆ, ಫ್ರೀಜರ್‌ನಲ್ಲಿ 14 ಪೌಂಡಿನ ಟರ್ಕಿ ಕಲ್ಲಿನ ಹಾಗೆ ಕೂತಿದೆ, ಕೋಳಿ ಸಾರು ಬಿಟ್ಟರೆ ಬೇರೆ ಏನೂ ಮಾಡಿ ಗೊತ್ತಿಲ್ಲ ಅಂತ ಬರೆದಿದ್ದೀರಿ. ಗಾಬರಿ ಬೇಡ. ಎಲ್ಲರೂ ಓವನ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ಥರ್ಮಾಮೀಟರ್ ಇದ್ದರೆ ಓವನ್ನಿನಲ್ಲಿ ಕೆಡುವುದೇನಿದ್ದರೂ ರುಚಿ. ಹೊಟ್ಟೆ ಕೆಡಿಸುವ ತಪ್ಪುಗಳು ಹೆಚ್ಚಾಗಿ ಅದಕ್ಕೆ ಮುಂಚೆ ಮತ್ತು ಊಟ ಮುಗಿದ ಮೇಲೆ ಆಗುತ್ತವೆ.

ಮೊದಲು ಮಂಜು ಬಿಡಿಸುವ ಕೆಲಸ. ಫ್ರಿಡ್ಜ್‌ನಲ್ಲಿ ಪ್ರತಿ 4ರಿಂದ 5 ಪೌಂಡಿಗೆ ಒಂದು ದಿನ ಹಿಡಿಯುತ್ತದೆ. ಅಂದರೆ ನಿಮ್ಮದು ಭಾನುವಾರ ಬೆಳಿಗ್ಗೆಯೇ ಫ್ರೀಜರ್‌ನಿಂದ ಫ್ರಿಡ್ಜ್‌ನ ಕೆಳಗಿನ ಶೆಲ್ಫ್‌ಗೆ ಇಳಿಯಬೇಕು. ಕೆಳಗೊಂದು ಅಗಲದ ಟ್ರೇ ಇಡಿ, ನೀರು ಸೋರುತ್ತದೆ. ಬುಧವಾರ ನೆನಪಾಯಿತಾ? ಕವರ್ ಸಮೇತ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ. ಪೌಂಡಿಗೆ ಅರ್ಧ ಗಂಟೆ ಲೆಕ್ಕ, ಒಟ್ಟು ಏಳು ಗಂಟೆ. ಹೀಗೆ ಕರಗಿಸಿದ್ದನ್ನು ಕೂಡಲೇ ಬೇಯಿಸಬೇಕು, ಹಾಗಾಗಿ ಈ ಕೆಲಸ ಗುರುವಾರ ಬೆಳಗಿನ ಜಾವಕ್ಕೇ ಬರುತ್ತದೆ. ಅಡುಗೆ ಕಟ್ಟೆ ಮೇಲೆ ರಾತ್ರಿಯಿಡೀ ಬಿಡುವುದು ಮಾತ್ರ ಬೇಡ. ಒಳಗೆ ಇನ್ನೂ ಮಂಜು ಇರುವಾಗಲೇ ಹೊರಗಿನ ಮಾಂಸ ಬೆಚ್ಚಗಾಗಿ ಬ್ಯಾಕ್ಟೀರಿಯಾ ಬೆಳೆಯಲು ಶುರುವಾಗಿರುತ್ತದೆ.

ತೊಳೆಯಬೇಡಿ. ಕೋಳಿ ತೊಳೆಯದೆ ಅಡುಗೆ ಮಾಡ್ತೀಯಾ ಅಂತ ನಮ್ಮಮ್ಮ ಫೋನಿನಲ್ಲಿ ಈಗಲೂ ಬೈಯುತ್ತಾರೆ. ಆದರೆ ಸಿಂಕ್‌ನಲ್ಲಿ ಅಷ್ಟು ದೊಡ್ಡ ಹಕ್ಕಿ ತೊಳೆದರೆ ನೀರು ಸಿಡಿದು ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಪಕ್ಕದ ಸೊಪ್ಪು, ತಟ್ಟೆ, ಟವೆಲ್‌ಗೆಲ್ಲ ಹರಡುತ್ತದೆ. ಪೇಪರ್ ಟವೆಲ್‌ನಲ್ಲಿ ಒತ್ತಿ ಒರೆಸಿ, ಸಾಕು. ಚರ್ಮ ಒಣಗಿದ್ದಷ್ಟೂ ಗರಿಗರಿಯಾಗುತ್ತದೆ. ಆಮೇಲೆ ಹೊಟ್ಟೆಯೊಳಗೆ ಕೈ ಹಾಕಿ ನೋಡಿ, ಕತ್ತಿನ ತುಂಡು ಅಲ್ಲಿರುತ್ತದೆ. ಲಿವರ್, ಗುಂಡಿಗೆ ಇರುವ ಸಣ್ಣ ಚೀಲ ಇನ್ನೊಂದು ತುದಿಯಲ್ಲಿ, ಕತ್ತಿನ ಕಡೆಯ ಚರ್ಮದ ಕೆಳಗೆ ಅಡಗಿರಬಹುದು. ಎರಡೂ ಕಡೆ ಹುಡುಕಿ.

ಉಪ್ಪು ಹಾಕುವ ಮುಂಚೆ ಲೇಬಲ್ ಓದಿ. ಸೊಲ್ಯೂಷನ್ ಅಂತ ಬರೆದಿದ್ದರೆ ಉಪ್ಪುನೀರು ಮೊದಲೇ ಚುಚ್ಚಿರುತ್ತಾರೆ, ನಿಮ್ಮ ಕೈ ಹಿಡಿತದಲ್ಲಿರಲಿ. ಎದೆಯ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಬೆಣ್ಣೆಗೆ ಶುಂಠಿ, ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು ಕಲಸಿ ಅದರ ಕೆಳಗೆ ಸವರಿ. ಮೊಸರಿನ ಮಸಾಲೆ ಮೇಲೆ ಬಳಿದರೆ ಚರ್ಮ ಗರಿಗರಿ ಆಗುವುದಿಲ್ಲ. ಹೊಟ್ಟೆಯೊಳಗೆ ಸ್ಟಫಿಂಗ್, ಅಂದರೆ ಬ್ರೆಡ್ಡಿನ ಹೂರಣ, ತುಂಬುವುದನ್ನು ನಾನು ಮಾಡುವುದಿಲ್ಲ. ಅದರ ನಡುಭಾಗ ಬಿಸಿಯಾಗುವಷ್ಟರಲ್ಲಿ ಎದೆ ಮಾಂಸ ಒಣಗಿ ಹತ್ತಿಯಾಗಿರುತ್ತದೆ. ಬೇರೆ ಪಾತ್ರೆಯಲ್ಲಿ ಮಾಡಿ.

ಓವನ್ 325 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಡಿ. 14 ಪೌಂಡಿಗೆ ಮೂರೂವರೆಯಿಂದ ನಾಲ್ಕು ಗಂಟೆ ಬೇಕಾಗಬಹುದು. ಫಾಯಿಲ್ ಪ್ಯಾನ್ ತಂದಿದ್ದರೆ ಅದರ ಕೆಳಗೆ ಗಟ್ಟಿ ಟ್ರೇ ಇರಲೇಬೇಕು, ಇಲ್ಲದಿದ್ದರೆ ಎತ್ತುವಾಗ ಮಧ್ಯದಲ್ಲಿ ಬಾಗಿ ಬಿಸಿ ಜಿಡ್ಡು ಕಾಲ ಮೇಲೆ ಬೀಳುತ್ತದೆ. ಸುಮ್ನೆ ಪದೇ ಪದೇ ಬಾಗಿಲು ತೆಗೆಯಬೇಡಿ. ಎದೆ ಬೇಗ ಕೆಂಪಗಾದರೆ ಅಷ್ಟಕ್ಕೆ ಮಾತ್ರ ಫಾಯಿಲ್ ಮುಚ್ಚಿ. ಮೂರು ಗಂಟೆ ಆದ ಮೇಲೆ ಥರ್ಮಾಮೀಟರ್ ಚುಚ್ಚಲು ಶುರು ಮಾಡಿ. ಎದೆಯ ದಪ್ಪ ಭಾಗ, ತೊಡೆಯ ಒಳಭಾಗ, ರೆಕ್ಕೆ ಸೇರುವ ಜಾಗ, ಮೂರೂ ಕಡೆ ನೋಡಿ. ಮೂಳೆಗೆ ತಾಗಬಾರದು. ಎಲ್ಲ ಕಡೆ 165 ಡಿಗ್ರಿ ದಾಟಿರಬೇಕು. ತೊಡೆ 175ಕ್ಕೆ ಹೋದರೆ ಇನ್ನೂ ಚೆನ್ನಾಗಿ ಮೆತ್ತಗಾಗುತ್ತದೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಪೂರ್ತಿ ಬೆಂದ ಟರ್ಕಿಯೂ ಮೂಳೆ ಹತ್ತಿರ ಗುಲಾಬಿ ಬಣ್ಣದಲ್ಲಿರಬಹುದು. ಕೆಲವು ಟರ್ಕಿಗಳಲ್ಲಿ ಬೆಂದಾಗ ಮೇಲೇಳುವ ಪ್ಲಾಸ್ಟಿಕ್ ಗುಂಡಿ ಇರುತ್ತದೆ, ಅದನ್ನೂ ಪೂರ್ತಿ ನಂಬಬೇಡಿ. ಹೊರತೆಗೆದು 20ರಿಂದ 30 ನಿಮಿಷ ಬಿಟ್ಟು ಆಮೇಲೆ ಕತ್ತರಿಸಿ. ಮಧ್ಯೆ ಸಿಕ್ಕಿಹಾಕಿಕೊಂಡರೆ ಬಟರ್‌ಬಾಲ್ ಕಂಪನಿಯವರ ಟರ್ಕಿ ಸಹಾಯವಾಣಿ ಇದೆ. 1981ರಿಂದ ಹಬ್ಬದ ಸಮಯದಲ್ಲಿ ಇಂಥ ಪ್ರಶ್ನೆಗಳಿಗೇ ಉತ್ತರ ಕೊಡುತ್ತಿದ್ದಾರೆ.

ಈಗ ಉಳಿದದ್ದು. ರಾತ್ರಿ ಸಾರನ್ನು ಒಂದು ಕುದಿ ಕುದಿಸಿ ಒಲೆ ಮೇಲೇ ಮುಚ್ಚಿಡುವ ರೂಢಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ ಅಲ್ವಾ, ಅದನ್ನು ಇಲ್ಲಿ ತರಬೇಡಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅದರ ಬೀಜಾಣು ಅಡುಗೆಯ ಬಿಸಿಗೂ ಸಾಯುವುದಿಲ್ಲ. ದೊಡ್ಡ ಮಾಂಸದ ಗಡ್ಡೆ, ದೊಡ್ಡ ಪಾತ್ರೆ ಗ್ರೇವಿ ನಿಧಾನವಾಗಿ ತಣಿಯುವಾಗ ಮೊಳೆತು ಹೆಚ್ಚುತ್ತದೆ. ತಿಂದವರಿಗೆ 6ರಿಂದ 24 ಗಂಟೆಯೊಳಗೆ ಹೊಟ್ಟೆನುಲಿತ, ಭೇದಿ. ಬೇರೆ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಹಾಗಾಗಿ ಓವನ್ನಿನಿಂದ ತೆಗೆದ ಎರಡು ಗಂಟೆಯೊಳಗೆ ಎಲ್ಲ ಫ್ರಿಡ್ಜ್ ಸೇರಬೇಕು. ಅತಿಥಿಗಳು ಹರಟೆ ಹೊಡೆಯುತ್ತಿರಲಿ, ನೀವು ಎದ್ದು ಮಾಂಸವನ್ನೆಲ್ಲ ಮೂಳೆಯಿಂದ ಬಿಡಿಸಿ ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಾಕಿ. ಪೂರ್ತಿ ಆರಲಿ ಅಂತ ಕಾಯಬೇಡಿ, ಸ್ವಲ್ಪ ಬಿಸಿ ಇದ್ದರೂ ಫ್ರಿಡ್ಜ್‌ಗೆ ಏನೂ ಆಗಲ್ಲ. ಮೂರರಿಂದ ನಾಲ್ಕು ದಿನ ಇರುತ್ತದೆ, ಅಂದರೆ ಸೋಮವಾರದವರೆಗೆ. ಅಷ್ಟರಲ್ಲಿ ಖಾಲಿಯಾಗಲ್ಲ ಅನ್ನಿಸಿದರೆ ಮೊದಲ ದಿನವೇ ಒಂದು ಪಾಲು ಫ್ರೀಜರ್‌ಗೆ ಹಾಕಿ. ಮತ್ತೆ ಬಿಸಿ ಮಾಡುವಾಗಲೂ 165 ಡಿಗ್ರಿ, ಗ್ರೇವಿ ಆದರೆ ಕುದಿ ಬರಲಿ.

ಬಿರಿಯಾನಿ ಮಾಡುವುದಾದರೆ ಮಸಾಲೆಯನ್ನು ಮೊದಲು ಪೂರ್ತಿ ಬೇಯಿಸಿ, ಟರ್ಕಿ ತುಂಡು ಕೊನೆಗೆ ಸೇರಿಸಿ ಕುದಿಸಿ, ಅದು ಆಗಲೇ ಬೆಂದಿದೆ. ಮೂಳೆ ಎಸೆಯಬೇಡಿ. ಮುರಿದು ಕುಕ್ಕರ್‌ಗೆ ಹಾಕಿ, ಈರುಳ್ಳಿ, ಮೆಣಸು, ಒಂದು ತುಂಡು ಚಕ್ಕೆ ಜೊತೆ ಮುಕ್ಕಾಲು ಗಂಟೆ ಬೇಯಿಸಿ ಸೋಸಿದರೆ ಒಳ್ಳೆ ಸಾರಿನ ನೀರು ಸಿಗುತ್ತದೆ. ಅದನ್ನೂ ಸಣ್ಣ ಡಬ್ಬಿಗಳಲ್ಲೇ ತಣಿಸಿ.